ತಲುಪದ ತಂತಿ

1953ರ ಜನವರಿ 31, ಶನಿವಾರ. ಸಂಜೆ ಐದು ಗಂಟೆ ದಾಟಿ ಸ್ವಲ್ಪ ಹೊತ್ತಾಗಿತ್ತು. ನೆದರ್ಲೆಂಡ್ಸ್‌ನ ದ ಬಿಲ್ಟ್ ಎಂಬ ಊರಿನಲ್ಲಿರುವ ಹವಾಮಾನ ಸಂಸ್ಥೆಯಿಂದ ಒಂದು ತಂತಿ ಹೊರಟಿತು. ರೋಟರ್‌ಡ್ಯಾಮ್, ವಿಲ್ಲೆಮ್‌ಸ್ಟಾಡ್, ಬರ್ಗೆನ್ ಒಪ್ ಝೂಮ್ ಕಡೆಗೆ 'ಅಪಾಯಕರ ಮಟ್ಟದ ನೀರು' ಬರಲಿದೆ ಎಂಬುದು ಅದರ ಒಕ್ಕಣೆ. ಬೆಳಿಗ್ಗೆಯಿಂದ ಇದೇ ಕಚೇರಿ 'ನೀರು ಸಾಕಷ್ಟು ಏರಲಿದೆ' ಎನ್ನುತ್ತಿತ್ತು. ಸಂಜೆಯ ಹೊತ್ತಿಗೆ ಮಾತು ಬದಲಾಯಿತು. 'ಅಪಾಯಕರ' ಎನ್ನುವುದಕ್ಕಿಂತ ದೊಡ್ಡ ಎಚ್ಚರಿಕೆ ಆ ಕಚೇರಿಯ ಬತ್ತಳಿಕೆಯಲ್ಲಿ ಇರಲಿಲ್ಲ. ಆರು ಗಂಟೆಗೆ ರೇಡಿಯೊದಲ್ಲೂ ಅದನ್ನು ಓದಿದರು.

ಏರಿಗಳು ಒಡೆಯತೊಡಗಿದ್ದು ಭಾನುವಾರ ಬೆಳಗಿನ ಜಾವ ಎರಡು ಗಂಟೆಯ ನಂತರ. ನಡುವೆ ಇದ್ದದ್ದು ಎಂಟು ಗಂಟೆಗೂ ಹೆಚ್ಚಿನ ಹೊತ್ತು. ಮಕ್ಕಳನ್ನು ಹೊತ್ತುಕೊಂಡು, ಮುದುಕರ ಕೈಹಿಡಿದು, ದನಗಳ ಹಗ್ಗ ಬಿಚ್ಚಿ ಎತ್ತರದ ಜಾಗಕ್ಕೆ ಹೋಗಲು ಆ ಹೊತ್ತು ಎಷ್ಟೋ ಜನರಿಗೆ ಸಾಕಿತ್ತು. ಆದರೆ ಅವರೆಲ್ಲ ಮಲಗಿದ್ದರು. ನೆದರ್ಲೆಂಡ್ಸ್ ಒಂದರಲ್ಲೇ 1,836 ಜನ ಸತ್ತರು.

ಉತ್ತರ ಸಮುದ್ರದ ಆ ನೆರೆಯ ಕಥೆಯನ್ನು ಸಾಮಾನ್ಯವಾಗಿ ಗಾಳಿಯ ಕಥೆಯಾಗಿ, ಒಡ್ಡುಗಳ ಕಥೆಯಾಗಿ ಹೇಳುತ್ತಾರೆ. ನನಗೆ ಅದು ಮೊದಲಿಗೆ ಒಂದು ತಂತಿಯ ಕಥೆ. ಅದು ಎಲ್ಲಿಂದ ಹೊರಟಿತು, ಎಲ್ಲಿಯವರೆಗೆ ಹೋಯಿತು, ಯಾವ ಬಾಗಿಲ ಮುಂದೆ ನಿಂತುಹೋಯಿತು ಎಂಬುದನ್ನು ನೋಡುತ್ತಾ ಹೋದರೆ ಉಳಿದದ್ದೆಲ್ಲ ತಾನಾಗಿ ಕಾಣುತ್ತದೆ.

ಮೊದಲು ಆ ನೆಲ ಹೇಗಿದೆ ನೋಡೋಣ. ಉತ್ತರ ಕನ್ನಡದ ಅಘನಾಶಿನಿ ಅಳಿವೆಯಲ್ಲಿ ಗಜನಿ ಗದ್ದೆಗಳನ್ನು ಕಂಡವರಿಗೆ ಇದು ಬೇಗ ಅರ್ಥವಾದೀತು. ಹೊಳೆ ಕಡಲು ಸೇರುವಲ್ಲಿ ಮಣ್ಣಿನ ಕಟ್ಟೆ ಹಾಕಿ, ಉಪ್ಪುನೀರನ್ನು ಹೊರಗಿಟ್ಟು, ಒಳಗೆ ಕಗ್ಗ ಭತ್ತ ಬೆಳೆಯುವ ಗದ್ದೆಗಳವು. ಕಟ್ಟೆ ಒಡೆದರೆ ಆ ವರ್ಷದ ಬೆಳೆ ಹೋಯಿತು. ನೆದರ್ಲೆಂಡ್ಸ್‌ನ ನೈರುತ್ಯ ಮೂಲೆಯ ಝೀಲೆಂಡ್ ಪ್ರಾಂತ್ಯವನ್ನು ಇಂಥ ಗದ್ದೆಗಳ ಒಂದು ಇಡೀ ಜಿಲ್ಲೆ ಎಂದುಕೊಳ್ಳಬಹುದು. ರೈನ್, ಮ್ಯೂಸ್, ಶೆಲ್ಟ್ ನದಿಗಳು ಕಡಲಿಗೆ ಬೀಳುವ ಜಾಗದಲ್ಲಿ ದ್ವೀಪದ ಪಕ್ಕ ದ್ವೀಪ. ಒಂದೊಂದು ದ್ವೀಪದೊಳಗೂ ಏರಿ ಸುತ್ತಿದ ತಗ್ಗಿನ ಹೊಲಗಳು. ಅವುಗಳನ್ನು ಪೋಲ್ಡರ್ ಎನ್ನುತ್ತಾರೆ. ಭರತದ ಹೊತ್ತಿನಲ್ಲಿ ಏರಿಯ ಆಚೆಗಿನ ನೀರು ಈಚೆಗಿನ ಮನೆಯ ಹೊಸಿಲಿಗಿಂತ ಎತ್ತರದಲ್ಲಿರುತ್ತದೆ. ನಮ್ಮ ಗಜನಿಯಲ್ಲಿ ಬೆಳೆ ಮಾತ್ರ ಕಟ್ಟೆಯ ಒಳಗಿದ್ದರೆ ಅಲ್ಲಿ ಊರು, ಚರ್ಚು, ಶಾಲೆ, ತೊಟ್ಟಿಲು ಎಲ್ಲವೂ ಒಳಗೇ ಇದ್ದವು.

ನಮ್ಮ ಕೆರೆಗಳಿಗೆ ಕೋಡಿ ಇರುತ್ತದೆ. ನೀರು ಹೆಚ್ಚಾದರೆ ಏರಿಯ ತಂಟೆಗೆ ಬಾರದೆ ಕೋಡಿಯಲ್ಲಿ ಹರಿದುಹೋಗುತ್ತದೆ. ಕಡಲಿಗೆ ಕೋಡಿ ಇಲ್ಲ. ಹಾಗಾದರೆ ಕಡಲ ಏರಿ ಎಷ್ಟು ಎತ್ತರ ಇರಬೇಕು? ಶತಮಾನಗಳಿಂದ ಅಲ್ಲಿನವರು ಹಾಕುತ್ತಿದ್ದ ಲೆಕ್ಕ ಸರಳ: ಹಿಂದಿನ ಸಲ ನೀರು ಎಲ್ಲಿಯವರೆಗೆ ಬಂದಿತ್ತೋ ಅದಕ್ಕಿಂತ ಒಂದಿಷ್ಟು ಮೇಲೆ. 1906ರಲ್ಲಿ ನೆರೆ ಬಂದ ಮೇಲೆ ಏರಿಗಳನ್ನು ಎತ್ತರಿಸಬೇಕಾಯಿತು. ಮಣ್ಣು ಹೊತ್ತು ಏರಿಸುವುದೆಂದರೆ ಬುಡವನ್ನೂ ಅಗಲಿಸಬೇಕು, ಅದಕ್ಕೆ ಜಾಗ ಬೇಕು, ಹಣ ಬೇಕು. ದ ಮುರಾಲ್ಟ್ ಎಂಬ ಎಂಜಿನಿಯರ್ ಅಗ್ಗದ ದಾರಿ ತೋರಿಸಿದರು. ಏರಿಯ ನೆತ್ತಿಯ ಮೇಲೆ ಗಿಡ್ಡನೆಯ ಕಾಂಕ್ರೀಟ್ ಗೋಡೆ ಕಟ್ಟಿದರೆ ಸಾಕು! ಝೀಲೆಂಡ್‌ನ ಎಷ್ಟೋ ಮೈಲಿ ಏರಿಯ ಮೇಲೆ ಈ ಗೋಡೆಗಳು ಎದ್ದವು. ಇಂದಿಗೂ ಅವುಗಳ ಅವಶೇಷಗಳಿವೆ. ಎತ್ತರವೇನೋ ಬಂತು, ಮೈಕಟ್ಟು ಬರಲಿಲ್ಲ. ಏರಿಗಳನ್ನು ನೋಡಿಕೊಳ್ಳುವ ಜವಾಬ್ದಾರಿ ಸಣ್ಣಪುಟ್ಟ ನೀರು ಮಂಡಳಿಗಳದ್ದು. ಅಲ್ಲಿನ ರೈತರೇ ಸದಸ್ಯರು, ರೈತರೇ ಕಂದಾಯ ಕಟ್ಟುವವರು. ಹಾಗಾಗಿ ಖರ್ಚಿಗೆ ಕೈ ಹಿಡಿತ.

ಇದು ಸಾಲದು ಎಂದು ತಿಳಿದವರೊಬ್ಬರಿದ್ದರು. ಸರ್ಕಾರದ ಜಲ ಇಲಾಖೆಯ ಎಂಜಿನಿಯರ್ ಯೊಹಾನ್ ವಾನ್ ವೇನ್. 1930ರ ದಶಕದಲ್ಲೇ ಅವರು ಲೆಕ್ಕ ಹಾಕಿ, ಇದುವರೆಗೆ ಕಂಡದ್ದಕ್ಕಿಂತ ಎಷ್ಟೋ ಎತ್ತರದ ನೀರು ಬರುವುದು ಸಾಧ್ಯ, ನೈರುತ್ಯದ ಏರಿಗಳು ಅದನ್ನು ತಾಳಲಾರವು ಎಂದರು. 1939ರಲ್ಲಿ ಇದಕ್ಕಾಗಿ ಒಂದು ಸಮಿತಿಯೂ ರಚನೆಯಾಯಿತು. ಅಷ್ಟರಲ್ಲಿ ಯುದ್ಧ ಬಂತು, ಜರ್ಮನರು ದೇಶವನ್ನು ಹಿಡಿದರು. 1944ರಲ್ಲಿ ಮಿತ್ರಪಡೆಗಳೇ ವಾಲ್ಕೆರೆನ್ ದ್ವೀಪದ ಏರಿಗಳ ಮೇಲೆ ಬಾಂಬು ಹಾಕಿ ದ್ವೀಪವನ್ನು ಮುಳುಗಿಸಬೇಕಾಯಿತು. ಯುದ್ಧ ಮುಗಿದಾಗ ದೇಶದ ಕೈಯಲ್ಲಿ ಹಣವಿರಲಿಲ್ಲ, ಜನರಿಗೆ ಮನೆಗಳಿರಲಿಲ್ಲ. ವಾನ್ ವೇನ್ ಬಿಡಲಿಲ್ಲ. ಕಸ್ಸಾಂಡ್ರ ಎಂಬ ಹೆಸರಿಟ್ಟುಕೊಂಡೂ ಬರೆದರು. ಗ್ರೀಕ್ ಪುರಾಣದಲ್ಲಿ ಅವಳು ಆಗಲಿರುವುದನ್ನು ನಿಜವಾಗಿ ಹೇಳುವವಳು, ಆದರೆ ಯಾರೂ ಅವಳನ್ನು ನಂಬಬಾರದೆಂಬ ಶಾಪ ಹೊತ್ತವಳು. ಅಳಿವೆಗಳ ಬಾಯಿಗೇ ಒಡ್ಡು ಕಟ್ಟಿ ಮುಚ್ಚಬೇಕೆಂಬ ಅವರ ಯೋಜನೆಯ ವರದಿಯ ಮೇಲಿದ್ದ ದಿನಾಂಕ 1953ರ ಜನವರಿ 29. ನೆರೆಗೆ ಎರಡು ದಿನ ಬಾಕಿ.

ಅದೇ ದಿನಗಳಲ್ಲಿ ಐಸ್‌ಲ್ಯಾಂಡಿನ ದಕ್ಷಿಣಕ್ಕೆ ವಾಯುಭಾರ ಕುಸಿತವೊಂದು ಹುಟ್ಟಿಕೊಂಡಿತ್ತು. ಅದು ಪೂರ್ವಕ್ಕೆ ಸಾಗಿ, ಸ್ಕಾಟ್ಲೆಂಡಿನ ನೆತ್ತಿಯನ್ನು ಬಳಸಿ, ಆಮೇಲೆ ಆಗ್ನೇಯಕ್ಕೆ ತಿರುಗಿ ಉತ್ತರ ಸಮುದ್ರಕ್ಕೆ ಇಳಿಯಿತು. ಅದರ ಹಿಂಬದಿಯಲ್ಲಿ ವಾಯವ್ಯದಿಂದ ಬೀಸಿದ ಗಾಳಿಯೇ ಎಲ್ಲ ಅನಾಹುತಕ್ಕೂ ಮೂಲ. ಆರ್ಕ್ನಿ ದ್ವೀಪದ ಕೋಸ್ಟಾ ಗುಡ್ಡದ ಮೇಲೆ ಗಂಟೆಗೆ 126 ಮೈಲಿ ವೇಗದ ಬೀಸು ದಾಖಲಾಯಿತು. ಸ್ಕಾಟ್ಲೆಂಡಿನಲ್ಲಿ ಕಾಡಿಗೆ ಕಾಡೇ ಮಲಗಿತು.

ಉತ್ತರ ಸಮುದ್ರ ಒಂದು ಆಲಿಕೆಯಂತಿದೆ. ಉತ್ತರದಲ್ಲಿ ಅಗಲ, ಆಳ. ದಕ್ಷಿಣಕ್ಕೆ ಬರುತ್ತಾ ಕಿರಿದಾಗುತ್ತದೆ, ತಳವೂ ಮೇಲೇರುತ್ತದೆ. ಕೊನೆಗೆ ಡೋವರ್ ಜಲಸಂಧಿ ಮೂವತ್ತಮೂರು ಕಿಲೋಮೀಟರಿನಷ್ಟೇ ಅಗಲ. ಗಾಳಿ ಗಂಟೆಗಟ್ಟಲೆ ನೀರನ್ನು ದಕ್ಷಿಣಕ್ಕೆ ತಳ್ಳಿದರೆ ಅದಕ್ಕೆ ಹೋಗಲು ಜಾಗವಿಲ್ಲ, ಮೇಲೇರುವುದೊಂದೇ ದಾರಿ. ವಾಯುಭಾರ ಒಂದು ಮಿಲಿಬಾರ್ ಇಳಿದರೆ ಕಡಲು ಸುಮಾರು ಒಂದು ಸೆಂಟಿಮೀಟರ್ ಉಬ್ಬುತ್ತದೆ, ಅದೂ ಸೇರಿತು. ಹುಣ್ಣಿಮೆ ಕಳೆದು ಎರಡು ದಿನವಾಗಿದ್ದರಿಂದ ದೊಡ್ಡ ಭರತದ ಕಾಲ. ಇವೆಲ್ಲ ಕೂಡಿ ಮಾಮೂಲಿ ಭರತದ ಮೇಲೆ ಸುಮಾರು ಮೂರು ಮೀಟರ್ ಹೆಚ್ಚಿನ ನೀರು ಇಂಗ್ಲೆಂಡಿನ ಪೂರ್ವ ಕರಾವಳಿಯ ಗುಂಟ ದಕ್ಷಿಣಕ್ಕೆ ಹೊರಟಿತು.

ಮೊದಲ ದೊಡ್ಡ ಬಲಿ ಬಿದ್ದದ್ದು ಇನ್ನೊಂದು ದಿಕ್ಕಿನಲ್ಲಿ, ಐರಿಶ್ ಸಮುದ್ರದ ಕಡೆ. 'ಪ್ರಿನ್ಸೆಸ್ ವಿಕ್ಟೋರಿಯಾ' ಎಂಬ ಹಡಗು ಬಿರುಗಾಳಿಯ ಎಚ್ಚರಿಕೆ ಇದ್ದೂ ಬೆಳಿಗ್ಗೆ 7.45ಕ್ಕೆ ಸ್ಕಾಟ್ಲೆಂಡಿನ ಸ್ಟ್ರಾನ್ರಾರ್‌ನಿಂದ ಉತ್ತರ ಐರ್ಲೆಂಡಿಗೆ ಹೊರಟಿತು. ಅಲೆಗಳು ವಾಹನಗಳನ್ನು ಹತ್ತಿಸುವ ಹಿಂಬಾಗಿಲನ್ನು ಒಡೆದು ಒಳನುಗ್ಗಿದವು. ಮಧ್ಯಾಹ್ನದ ಹೊತ್ತಿಗೆ ಹಡಗು ಮುಳುಗಿತು. 130ಕ್ಕೂ ಹೆಚ್ಚು ಜನ ಸತ್ತರು, ಹೆಂಗಸರು ಮಕ್ಕಳಲ್ಲಿ ಒಬ್ಬರೂ ಉಳಿಯಲಿಲ್ಲ. ಹಡಗಿನ ರೇಡಿಯೊ ಅಧಿಕಾರಿ ಡೇವಿಡ್ ಬ್ರಾಡ್‌ಫುಟ್ ಕೊನೆಯವರೆಗೂ ಸಂದೇಶ ಕಳಿಸುತ್ತಲೇ ಕುಳಿತಿದ್ದು ಹಡಗಿನೊಡನೆ ಹೋದರು. ಆ ದಿನದ ಚರಿತ್ರೆಯಲ್ಲಿ ತಮ್ಮ ಮಾತು ಇನ್ನೊಬ್ಬರಿಗೆ ತಲುಪುವವರೆಗೆ ಎದ್ದೇಳದ ಮನುಷ್ಯರು ಕೆಲವರೇ. ಅವರಲ್ಲಿ ಇವರು ಮೊದಲಿಗರು.

ಸಂಜೆ ಏಳರ ಹೊತ್ತಿಗೆ ನೀರು ಲಿಂಕನ್‌ಶೈರ್‌ನ ಮೇಬಲ್‌ತೋರ್ಪ್, ಸಟನ್ ಕಡೆಯ ಮರಳದಿಬ್ಬಗಳನ್ನು ಹರಿದುಕೊಂಡು ಒಳಗೆ ಬಂತು. 7.27ಕ್ಕೆ ನಾರ್ಫೊಕ್‌ನ ಹನ್‌ಸ್ಟಂಟನ್‌ನಿಂದ ಹೊರಟ ರೈಲಿಗೆ ದಾರಿಯಲ್ಲಿ ನೀರು ಎದುರಾಯಿತು, ನೀರಿನ ಮೇಲೆ ತೇಲಿ ಬಂದ ಒಂದು ಮನೆ ಎಂಜಿನ್ನಿಗೆ ಬಡಿಯಿತು. ಅದೇ ಊರಿನಲ್ಲಿ ರೀಸ್ ಲೆಮಿಂಗ್ ಎಂಬ 22 ವರ್ಷದ ಅಮೆರಿಕನ್ ವಾಯುಪಡೆಯ ಯುವಕ, ಈಜು ಬಾರದವನು, ರಬ್ಬರ್ ತೆಪ್ಪವೊಂದನ್ನು ಎಳೆದುಕೊಂಡು ಕೊರೆಯುವ ನೀರಿನಲ್ಲಿ ಮತ್ತೆ ಮತ್ತೆ ನಡೆದು 27 ಜನರನ್ನು ಕರೆತಂದ. ನಡುರಾತ್ರಿಯ ಸುಮಾರಿಗೆ ಫೆಲಿಕ್ಸ್‌ಸ್ಟೋ ಊರಿನಲ್ಲಿ, ಯುದ್ಧಾನಂತರ ಸಾಲಾಗಿ ಜೋಡಿಸಿದ್ದ ಹಗುರ ಮನೆಗಳು ಬುಡದಿಂದ ಎದ್ದು ತೇಲಿದವು. ಅಲ್ಲಿ ಸುಮಾರು 40 ಜನ ಸತ್ತರು. ರಾತ್ರಿ ಒಂದರ ಸುಮಾರಿಗೆ ಥೇಮ್ಸ್ ಅಳಿವೆಯ ಕ್ಯಾನ್ವೆ ದ್ವೀಪ. 17ನೇ ಶತಮಾನದಲ್ಲಿ ಡಚ್ಚರೇ ಬಂದು ಏರಿ ಕಟ್ಟಿ ಕಡಲಿನಿಂದ ಪಡೆದುಕೊಟ್ಟ ನೆಲ ಅದು. ಅಲ್ಲಿ 58 ಜನ.

ಗಡಿಯಾರವನ್ನು ಗಮನಿಸಿ. ಲಿಂಕನ್‌ಶೈರ್‌ನಲ್ಲಿ ಸಂಜೆ ಏಳು, ಕ್ಯಾನ್ವೆಯಲ್ಲಿ ರಾತ್ರಿ ಒಂದು. ಆರು ಗಂಟೆ ಕಾಲ ನೀರು ಒಂದೊಂದೇ ಊರನ್ನು ಹಿಡಿಯುತ್ತಾ ಬಂದಿದೆ. ಮೇಲಿನ ಊರು ಮುಳುಗಿದ ಸುದ್ದಿ ಕೆಳಗಿನ ಊರಿಗೆ ಬಂದಿಲ್ಲ. ನೀರು ಬಂದಲ್ಲೆಲ್ಲ ದೂರವಾಣಿ ತಂತಿ ಕಡಿದಿತ್ತು ಎಂಬುದು ಒಂದು ಕಾರಣ. ಆದರೆ ಲಿಂಕನ್‌ಶೈರ್ ಪೊಲೀಸರು ಎಸ್ಸೆಕ್ಸ್ ಪೊಲೀಸರಿಗೆ ಹೇಳಬೇಕು ಎಂಬ ಏರ್ಪಾಡೇ ದೇಶದಲ್ಲಿ ಇರಲಿಲ್ಲ. ಪ್ರತಿ ನದಿ ಮಂಡಳಿಯೂ ತನ್ನ ಎಲ್ಲೆಯೊಳಗಿನ ಏರಿಯನ್ನು ನೋಡಿಕೊಳ್ಳುತ್ತಿತ್ತು. ಶನಿವಾರ ಮಧ್ಯಾಹ್ನದ ಮೇಲೆ ಕಚೇರಿಗಳೂ ಮುಚ್ಚಿದ್ದವು. ಎಸ್ಸೆಕ್ಸ್ ಜಿಲ್ಲೆಯ ಆ ರಾತ್ರಿಯನ್ನು ಹಿಲ್ಡಾ ಗ್ರೀವ್ ಎಂಬ ಇತಿಹಾಸಕಾರ್ತಿ 1959ರಲ್ಲಿ ದೊಡ್ಡ ಗ್ರಂಥವಾಗಿ ಬರೆದಿಟ್ಟಿದ್ದಾರೆ. ಇಂಗ್ಲೆಂಡಿನಲ್ಲಿ ನೆರೆಗೆ ಸತ್ತವರು ಒಟ್ಟು 307.

ಈಗ ಮತ್ತೆ ದ ಬಿಲ್ಟ್‌ನ ತಂತಿಗೆ ಬರೋಣ. 1916ರಲ್ಲಿ ಉತ್ತರದಲ್ಲಿ ನೆರೆ ಬಂದ ನಂತರ ನೆದರ್ಲೆಂಡ್ಸ್‌ನಲ್ಲಿ ಕಡಲುಬ್ಬರದ ಎಚ್ಚರಿಕೆ ನೀಡುವ ಸೇವೆಯೊಂದು ಆರಂಭವಾಗಿತ್ತು. ಅದು ಪತ್ರಿಕೆಗೆ ಚಂದಾ ಕಟ್ಟಿದಂತೆ. ಹೆಸರು ನೋಂದಾಯಿಸಿದವರಿಗೆ ತಂತಿ ಹೋಗುತ್ತದೆ, ಉಳಿದವರಿಗಿಲ್ಲ. ಏರಿಗಳ ಮೇಲ್ವಿಚಾರಣೆಯ ಎಷ್ಟೋ ಸಣ್ಣ ಮಂಡಳಿಗಳು ನೋಂದಾಯಿಸಿರಲೇ ಇಲ್ಲ. ತಂತಿ ಪಡೆದ ಕಡೆಯೂ ಶನಿವಾರ ಸಂಜೆ ಮೇಜಿನ ಮೇಲೆ ಬಿದ್ದ ಕಾಗದವನ್ನು ಓದುವವರಿರಬೇಕು. ಓದಿದವರಿಗೆ ಮುಂದೆ ಯಾರ ಮನೆಯ ಬಾಗಿಲು ತಟ್ಟಬೇಕೆಂದು ತಿಳಿದಿರಬೇಕು.

ರೇಡಿಯೊ ಆರು ಗಂಟೆಗೆ ಹೇಳಿತ್ತಲ್ಲ? ಹೇಳಿತ್ತು. ಆದರೆ ಅದು ಹೇಳಿದ ಊರುಗಳ ಪಟ್ಟಿಯಲ್ಲಿ ಆ ರಾತ್ರಿ ಮುಳುಗಲಿದ್ದ ಔಡೆ-ಟೊಂಗೆ ಇರಲಿಲ್ಲ, ಸ್ಟಾವನಿಸ್ಸೆ ಇರಲಿಲ್ಲ. 'ಅಪಾಯಕರ ಮಟ್ಟದ ನೀರು' ಎಂಬುದು ಇಲಾಖೆಯ ಪರಿಭಾಷೆ. ನಿಮ್ಮ ಮನೆಯ ಹಿಂದಿನ ಏರಿ ಇಂದು ರಾತ್ರಿ ಒಡೆಯಬಹುದು ಎಂದು ರೈತನ ಹೆಂಡತಿಗೆ ಅದರಿಂದ ತಿಳಿಯುವುದು ಹೇಗೆ? ನಡುರಾತ್ರಿಗೆ ಹಿಲ್ವರ್ಸುಮ್‌ನ ಬಾನುಲಿ ಕೇಂದ್ರ ಎಂದಿನಂತೆ ಪ್ರಸಾರ ನಿಲ್ಲಿಸಿತು. ಗಾಳಿ ಹೆಚ್ಚುತ್ತಲೇ ಇದ್ದ ಆ ಹೊತ್ತಿನಲ್ಲಿ ದೇಶದ ದನಿಯೇ ನಿಂತಿತು.

ಸಂಜೆಯೇ ಕಡಲು ಒಂದು ಗುರುತು ತೋರಿಸಿತ್ತು. ಇಳಿತದ ಹೊತ್ತಿಗೆ ನೀರು ಹಿಂದಕ್ಕೆ ಸರಿಯಬೇಕಿತ್ತು, ಸರಿಯಲಿಲ್ಲ. ದಡದಲ್ಲಿ ಹುಟ್ಟಿ ಬೆಳೆದವರು ಅದನ್ನು ಕಂಡು ಬೆರಗಾದರು. ಕೆಲವರು ದನಗಳನ್ನು ಎತ್ತರಕ್ಕೆ ಹೊಡೆದರು. ಕೆಲವು ಊರುಗಳಲ್ಲಿ ಏರಿಯ ಬಾಯಿಗಳಿಗೆ ಹಲಗೆ ಇಳಿಸಿ ಮರಳಿನ ಮೂಟೆ ಇಟ್ಟರು. ಹೆಚ್ಚಿನವರು ಇದುವರೆಗೆ ತಮ್ಮನ್ನು ಕಾಪಾಡಿದ ಏರಿಯನ್ನೇ ನಂಬಿ ದೀಪ ಆರಿಸಿದರು.

ಬೆಳಗಿನ ಜಾವ ಮೂರರ ಆಸುಪಾಸಿನಲ್ಲಿ ಭರತ ತುದಿ ಮುಟ್ಟಿತು. ಹುಕ್ ಆಫ್ ಹಾಲೆಂಡ್‌ನಲ್ಲಿ ನೀರು 3.85 ಮೀಟರ್, ಫ್ಲಿಸ್ಸಿಂಗೆನ್‌ನಲ್ಲಿ 4.55 ಮೀಟರ್ ಮಟ್ಟಕ್ಕೆ ಏರಿತು. ಏರಿಗಳು ಎದುರಿನಿಂದ ಒಡೆಯಲಿಲ್ಲ. ಕೆರೆ ಏರಿ ಕಂಡವರಿಗೆ ಇದು ಗೊತ್ತು. ನೀರು ನೆತ್ತಿ ಹತ್ತಿ ಆಚೆ ಬದಿಗೆ ಸುರಿಯತೊಡಗಿದರೆ ಹಿಂಬದಿಯ ಇಳಿಜಾರಿನ ಮಣ್ಣು ಕೊಚ್ಚಿಹೋಗುತ್ತದೆ. ಬೆನ್ನು ಕರಗಿದ ಮೇಲೆ ಎದೆ ಎಷ್ಟು ಗಟ್ಟಿಯಿದ್ದರೇನು? ಮುರಾಲ್ಟ್ ಗೋಡೆಗಳು ನೆತ್ತಿಯ ಮೇಲೆ ನಿಂತಂತೆಯೇ ಕೆಳಗಿನ ಮಣ್ಣು ಜಾರಿ ಉರುಳಿದವು. ಸ್ಟಾವನಿಸ್ಸೆಯಲ್ಲಿ 1,800 ಮೀಟರ್ ಉದ್ದದ ಏರಿ ಕುಸಿದು ನೀರು ಗೋಡೆಯಂತೆ ಊರೊಳಗೆ ಬಂತು. 153 ಜನ. ಔಡೆ-ಟೊಂಗೆಯಲ್ಲಿ 305 ಜನ.

ಹೊಲಾಂಡ್ಸೆ ಐಸೆಲ್ ನದಿಯ ಗ್ರೂನೆಂಡೈಕ್ ಎಂಬ ಏರಿಯ ಹಿಂದೆ ಸುಮಾರು ಮೂವತ್ತು ಲಕ್ಷ ಜನರಿದ್ದ ತಗ್ಗು ನಾಡಿತ್ತು. ಅದರ ಒಂದು ಭಾಗಕ್ಕೆ ಕಲ್ಲಿನ ಹೊದಿಕೆಯೂ ಇರಲಿಲ್ಲ. ಬೆಳಗಿನ ಜಾವ ಅಲ್ಲಿ ಬಿರುಕು ಬಿಟ್ಟಿತು. ಏರಿಯ ಪಕ್ಕದ ಊರಿನ ಮೇಯರ್ ವೋಖೆಲಾರ್ ಹತ್ತಿರದಲ್ಲಿದ್ದ ಸರಕು ದೋಣಿಯೊಂದನ್ನು ವಶಕ್ಕೆ ತೆಗೆದುಕೊಂಡು, ಅದನ್ನು ಬಿರುಕಿನ ಬಾಯಿಗೆ ತಂದು ನಿಲ್ಲಿಸುವಂತೆ ದೋಣಿಯ ಒಡೆಯ ಆರಿ ಎವೆಗ್ರೂನ್‌ಗೆ ಹೇಳಿದರು. ದೋಣಿ ಸೆಳವಿಗೆ ಸಿಕ್ಕಿ ಒಳಗೆ ಉರುಳಿಹೋದರೆ ಅವನ ಬದುಕೂ ಹೋದಂತೆ. ಎವೆಗ್ರೂನ್ 'ಇಬ್ಬರು ಅಣ್ಣತಮ್ಮಂದಿರು' ಎಂಬ ಹೆಸರಿನ ಆ ದೋಣಿಯನ್ನು ಓರೆಯಾಗಿ ತಂದ. ನೀರಿನ ಸೆಳವೇ ಅದನ್ನು ಬಾಗಿಲು ಮುಚ್ಚಿದ ಹಾಗೆ ಬಿರುಕಿಗೆ ಒತ್ತಿ ಹಿಡಿಯಿತು. ಜನ ಸುತ್ತ ಮರಳು ಮೂಟೆ ತುಂಬಿದರು. ಆ ಏರಿ ಉಳಿಯಿತು, ಅದರ ಹಿಂದಿನ ತಗ್ಗು ನಾಡು ಉಳಿಯಿತು. ಸಾವಿನ ಲೆಕ್ಕ ಇನ್ನೆಲ್ಲಿಗೆ ಹೋಗುತ್ತಿತ್ತೋ ಎಂದು ನೆನೆದರೆ ಇಂದಿಗೂ ಎದೆ ನಡುಗುತ್ತದೆ.

ಭಾನುವಾರ ಬೆಳಕು ಹರಿದಾಗ ಬದುಕಿದವರು ಅಟ್ಟದ ಮೇಲೆ, ಸೂರಿನ ಮೇಲೆ, ಉಳಿದ ಏರಿಯ ತುಂಡುಗಳ ಮೇಲೆ ಇದ್ದರು. ಜನವರಿ ಕಳೆದು ಫೆಬ್ರವರಿ ಹುಟ್ಟಿದ ದಿನ, ಉಟ್ಟಬಟ್ಟೆಯೆಲ್ಲ ಒದ್ದೆ, ಗಾಳಿ ನಿಂತಿಲ್ಲ. ಭಾನುವಾರವಾದ್ದರಿಂದ ಪತ್ರಿಕೆಗಳಿಲ್ಲ. ರೇಡಿಯೊದಲ್ಲಿ ನೆರೆಯ ಸುದ್ದಿ ಬಂತು. ಆದರೆ ದೂರವಾಣಿ ಇದ್ದ ಊರುಗಳ ಸುದ್ದಿ ಮಾತ್ರ. ಎಲ್ಲಿ ಹೆಚ್ಚು ಹಾಳಾಗಿತ್ತೋ ಅಲ್ಲಿಂದ ದನಿಯೇ ಇಲ್ಲ. ದನಿ ಇಲ್ಲದಿದ್ದುದನ್ನು ತೊಂದರೆ ಇಲ್ಲವೆಂದು ತಿಳಿದರು. ಸ್ಕೌವೆನ್-ಡೌವೆಲಾಂಡ್ ದ್ವೀಪಕ್ಕೆ ಆ ಹಗಲು ಹೊರಗಿನಿಂದ ನೆರವು ಬರಲಿಲ್ಲವೆಂದೇ ಹೇಳಬೇಕು.

ಮಧ್ಯಾಹ್ನ ಎರಡನೆಯ ಭರತ ಬಂತು. ಈ ನೆರೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ. ರಾತ್ರಿಯ ನೀರು ಏರಿಯನ್ನು ಒಡೆದು ಬರಬೇಕಾಗಿತ್ತು, ಈಗ ದಾರಿ ತೆರೆದಿತ್ತು. ಪೋಲ್ಡರ್‌ಗಳೊಳಗೆ ನೀರು ರಾತ್ರಿಗಿಂತ ಮೇಲೇರಿತು. ಹನ್ನೆರಡು ಗಂಟೆ ನೀರಿನಲ್ಲಿ ನಿಂತು ನೆನೆದ ಇಟ್ಟಿಗೆಯ ಗೋಡೆಗಳು ಒಂದೊಂದಾಗಿ ಕುಸಿದವು. ಸೂರುಗಳು ಮೇಲೆ ಕುಳಿತವರ ಸಮೇತ ತೇಲಿಹೋದವು. ರಾತ್ರಿಯನ್ನು ದಾಟಿ ಬದುಕಿದವರು, ಯಾರಾದರೂ ಬಂದೇ ಬರುತ್ತಾರೆಂದು ಹಗಲೆಲ್ಲ ದಾರಿ ನೋಡಿದವರು, ಸಂಜೆ ಸತ್ತರು. ತಂತಿ ತಲುಪದ್ದು ಶನಿವಾರದ ತಪ್ಪು. ಭಾನುವಾರ ಅಲ್ಲಿಂದ ಇತ್ತ ಬರಬೇಕಾದ ಕೂಗೂ ತಲುಪಲಿಲ್ಲ.

ಆ ಕೂಗನ್ನು ಹೊರಗೆ ಮುಟ್ಟಿಸಿದವರು ಹವ್ಯಾಸಿ ರೇಡಿಯೊದವರು. ಸ್ಕೌವೆನ್-ಡೌವೆಲಾಂಡ್‌ನ ಝೀರಿಕ್‌ಝೀ ಪಟ್ಟಣದಲ್ಲಿ ಒಬ್ಬ ಯುವಕ ಸಿಕ್ಕ ಬಿಡಿಭಾಗಗಳನ್ನು ಜೋಡಿಸಿ ಪ್ರಸಾರ ಯಂತ್ರವೊಂದನ್ನು ಕಟ್ಟಿ ದ್ವೀಪದ ಸ್ಥಿತಿಯನ್ನು ಹೊರಲೋಕಕ್ಕೆ ತಿಳಿಸಿದ. ದೇಶದ ಬೇರೆ ಕಡೆಯ ಹವ್ಯಾಸಿಗಳು ಹಗಲು ರಾತ್ರಿ ಕುಳಿತು ಸಂದೇಶಗಳನ್ನು ಸಾಗಿಸಿದರು. ಮುಂದಿನ ದಿನಗಳಲ್ಲಿ ಉರ್ಕ್ ಮೊದಲಾದ ಊರುಗಳ ಮೀನುಗಾರರು ತಮ್ಮ ದೋಣಿಗಳನ್ನು ಏರಿಗಳ ಬಿರುಕಿನ ಮೂಲಕವೇ ಹೊಲಗಳ ಮೇಲೆ ನಡೆಸಿಕೊಂಡು ಬಂದರು. ಹೆಲಿಕಾಪ್ಟರುಗಳೂ ಬಂದವು. 72,000 ಜನರನ್ನು ಸ್ಥಳಾಂತರಿಸಬೇಕಾಯಿತು. ಹತ್ತಿರ ಹತ್ತಿರ ಎರಡು ಲಕ್ಷ ಹೆಕ್ಟೇರ್ ನೆಲ ಉಪ್ಪುನೀರಿನಡಿ ಹೋಗಿತ್ತು. ಸತ್ತ ದನ, ಹಂದಿ, ಕುದುರೆಗಳು ಹತ್ತಾರು ಸಾವಿರ.

ತಪ್ಪು ಯಾರದು ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಹವಾಮಾನ ಸಂಸ್ಥೆಯವರು ರಾತ್ರಿಯಿಡೀ ಪ್ರಸಾರ ಮುಂದುವರಿಸಿ ಎಂದು ಕೇಳಿದರು, ರೇಡಿಯೊದವರು ಒಪ್ಪಲಿಲ್ಲ ಎಂಬ ಮಾತು ಆ ದೇಶದಲ್ಲಿ ಮನೆಮಾತು. ಮುಂದುವರಿಸಿದ್ದರೂ ಮಲಗಿದವರಲ್ಲಿ ಎಷ್ಟು ಜನ ಕೇಳುತ್ತಿದ್ದರು ಎಂದು ಕೆಲವು ಇತಿಹಾಸಕಾರರು ಕೇಳುತ್ತಾರೆ. ಯುದ್ಧದಲ್ಲಿ ಜರ್ಜರಿತವಾದ ದೇಶ ಏರಿಗೆ ಹಣ ಎಲ್ಲಿಂದ ತರಬೇಕಿತ್ತು ಎಂಬುದು ಒಂದು ವಾದ. ಅಪಾಯ ಗೊತ್ತಿದ್ದೂ ಜನರಿಗೆ ಹೇಳದೆ ಕಡತದಲ್ಲಿ ಇಟ್ಟುಕೊಂಡಿದ್ದು ಸರಿಯೇ ಎಂಬುದು ಇನ್ನೊಂದು. ಪತ್ರಕರ್ತ ಕೀಸ್ ಸ್ಲಾಗರ್ ಬದುಕುಳಿದ ನೂರಾರು ಜನರ ಮಾತು ಕೇಳಿ 1992ರಲ್ಲಿ ಪ್ರಕಟಿಸಿದ ಪುಸ್ತಕ ಈ ಎರಡನೆಯ ವಾದಕ್ಕೆ ಬಲ ಕೊಟ್ಟಿತು. ಊರಿನ ಹಳೆಯ ಎತ್ತರದ ಭಾಗದಲ್ಲಿ ಉಳ್ಳವರಿದ್ದರು, ತಗ್ಗಿನ ಇಕ್ಕಟ್ಟಿನ ಮನೆಗಳಲ್ಲಿ ಕೂಲಿಗಳಿದ್ದರು. ಸಾವು ಎಲ್ಲಿ ಹೆಚ್ಚಾಯಿತೆಂದು ಬೇರೆ ಹೇಳಬೇಕಿಲ್ಲ.

ನನ್ನ ಮಟ್ಟಿಗೆ ಹವಾಮಾನದವರನ್ನು ದೂರುವುದು ನ್ಯಾಯವಲ್ಲ. ಕಂಪ್ಯೂಟರ್ ಇಲ್ಲದ ಆ ಕಾಲದಲ್ಲಿ ಅವರು ಎಂಟು ಗಂಟೆ ಮುಂಚೆ ತಮ್ಮಲ್ಲಿದ್ದ ಅತಿ ಗಟ್ಟಿ ಮಾತನ್ನೇ ಆಡಿದ್ದರು. ಆ ಮಾತಿಗೂ ಮಲಗುವ ಕೋಣೆಗೂ ನಡುವೆ ದಾರಿ ಕಟ್ಟುವುದು ಆಡಳಿತದ ಕೆಲಸವಾಗಿತ್ತು. ಅದು ಆಗಿರಲಿಲ್ಲ.

ನೆರೆ ಬಂದು ಮೂರು ವಾರವಾಗುವ ಮೊದಲೇ, ಇಂಥದು ಮತ್ತೆ ಆಗದಂತೆ ಏನು ಮಾಡಬೇಕೆಂದು ಹೇಳಲು ಡೆಲ್ಟಾ ಆಯೋಗ ನೇಮಕವಾಯಿತು. ವಾನ್ ವೇನ್ ಅದರ ಕಾರ್ಯದರ್ಶಿ. ಅವರ ಜನವರಿಯ ವರದಿ ಈಗ ಎಲ್ಲರಿಗೂ ಬೇಕಾಗಿತ್ತು. ಅತ್ತ ಏರಿಗಳ ಬಿರುಕು ಮುಚ್ಚುವ ಕೆಲಸ ತಿಂಗಳುಗಟ್ಟಲೆ ನಡೆಯಿತು. ದಿನಕ್ಕೆರಡು ಸಲ ನುಗ್ಗಿ ಹಿಂದಿರುಗುವ ಭರತ ಬಿರುಕುಗಳನ್ನು ಕೊರೆದು ಆಳ ಮಾಡುತ್ತಿತ್ತು. ಕೊನೆಗೆ, ನಾರ್ಮಂಡಿ ದಂಡಯಾತ್ರೆಯ ಕೃತಕ ಬಂದರಿಗೆಂದು ರೂಪಿಸಿದ್ದ ಫೀನಿಕ್ಸ್ ಎಂಬ ಬೃಹತ್ ಕಾಂಕ್ರೀಟ್ ಪೆಟ್ಟಿಗೆಗಳನ್ನು ತೇಲಿಸಿ ತಂದು ಮುಳುಗಿಸಿದರು. ಔವರ್ಕೆರ್ಕ್ ಎಂಬ ಊರಿನ ಕಟ್ಟಕಡೆಯ ಬಿರುಕು ಮುಚ್ಚಿದ್ದು 1953ರ ನವೆಂಬರ್ 6ರ ನಡುರಾತ್ರಿ.

ಏರಿಯ ಎತ್ತರದ ಹಳೆಯ ಲೆಕ್ಕವನ್ನೂ ಕೈಬಿಟ್ಟರು. ಗಣಿತಜ್ಞ ಡೇವಿಡ್ ವಾನ್ ಡಾಂಟ್ಸಿಗ್ ಬೇರೆಯೇ ಪ್ರಶ್ನೆ ಕೇಳಿದರು. ಹಿಂದೆ ಎಷ್ಟು ಬಂದಿತ್ತು ಎಂಬುದು ಹಾಗಿರಲಿ. ಏರಿ ಎತ್ತರಿಸಲು ಎಷ್ಟು ಖರ್ಚು, ಒಡೆದರೆ ಎಷ್ಟು ನಷ್ಟ, ಎರಡನ್ನೂ ತೂಗಿದರೆ ಎಲ್ಲಿ ನಿಲ್ಲಬೇಕು? ನಡುನಾಡಿಗೆ ಹತ್ತು ಸಾವಿರ ವರ್ಷಕ್ಕೊಮ್ಮೆ ಬರಬಹುದಾದ ನೀರನ್ನು ತಡೆಯುವ ಏರಿ ಬೇಕೆಂದು ತೀರ್ಮಾನವಾಯಿತು. 1958ರಲ್ಲಿ ಡೆಲ್ಟಾ ಕಾಯಿದೆ ಬಂತು. ಅದೇ ವರ್ಷ ಹೊಲಾಂಡ್ಸೆ ಐಸೆಲ್ ನದಿಗೆ ಮೊದಲ ಬಾಗಿಲು ಬಂತು, ಎವೆಗ್ರೂನ್‌ನ ದೋಣಿ ಅಡ್ಡ ನಿಂತಿದ್ದ ಅದೇ ನದಿಗೆ. ಮರುವರ್ಷ ವಾನ್ ವೇನ್ ತೀರಿಕೊಂಡರು. ಊಸ್ಟರ್‌ಶೆಲ್ಡ್ ಅಳಿವೆಯನ್ನು ಪೂರಾ ಮುಚ್ಚಬೇಕೆಂದಾಗ ಚಿಪ್ಪು ತೆಗೆಯುವವರೂ ಪರಿಸರದವರೂ ಎದ್ದು ನಿಂತರು. ಉಪ್ಪುನೀರಿನ ಜೀವರಾಶಿಯೇ ಅಳಿಯುತ್ತದೆಂಬ ಅವರ ಮಾತನ್ನು ಸರ್ಕಾರ ಕೇಳಬೇಕಾಯಿತು. ಸದಾ ತೆರೆದಿದ್ದು ಬಿರುಗಾಳಿಯ ದಿನ ಮಾತ್ರ ಮುಚ್ಚುವ 62 ಬಾಗಿಲುಗಳ ಕಟ್ಟೆಯನ್ನು 1986ರಲ್ಲಿ ರಾಣಿ ಬಿಯಾಟ್ರಿಕ್ಸ್ ಉದ್ಘಾಟಿಸಿದರು. ನೆರೆ ಬಂದ ಆ ಜನವರಿ 31 ಆಕೆಯ ಹದಿನೈದನೆಯ ಹುಟ್ಟುಹಬ್ಬವಾಗಿತ್ತು.

ಬ್ರಿಟನ್ನಿನಲ್ಲಿ ವಿಚಾರಣೆ ನಡೆಸಿದ ಸಮಿತಿಯ ಅಧ್ಯಕ್ಷರು ಲಾರ್ಡ್ ವೇವರ್ಲಿ. ನಮ್ಮ ದೇಶಕ್ಕೆ ಅವರು ಹಿಂದೆ ಬಂಗಾಳದ ಗವರ್ನರ್ ಆಗಿದ್ದ ಸರ್ ಜಾನ್ ಆಂಡರ್ಸನ್ ಎಂದೇ ಪರಿಚಯ. ಕಡಲುಬ್ಬರದ ಎಚ್ಚರಿಕೆಗೆಂದೇ ದೇಶಕ್ಕೆಲ್ಲ ಒಂದು ಸೇವೆ ಅಲ್ಲಿ ಶುರುವಾಯಿತು. ಲಂಡನ್ನನ್ನು ಕಾಯುವ ಥೇಮ್ಸ್ ತಡೆಗೇಟು ಮಾತ್ರ 1984ರವರೆಗೆ ಉದ್ಘಾಟನೆಯಾಗಲಿಲ್ಲ. ಜರ್ಮನಿ ನೆರೆಮನೆಯ ಪಾಠ ಕಲಿತಿರಲಿಲ್ಲ. 1962ರ ಫೆಬ್ರವರಿಯಲ್ಲಿ ಅದೇ ಉತ್ತರ ಸಮುದ್ರದ ಬಿರುಗಾಳಿ ಎದ್ದಾಗ ಎಚ್ಚರಿಕೆ ಕೊಟ್ಟಿದ್ದರು. ಅದು ಕರಾವಳಿಯವರಿಗೆ, ಕಡಲಿನಿಂದ ನೂರು ಕಿಲೋಮೀಟರ್ ಒಳಗಿರುವ ನಮಗಲ್ಲ ಎಂದು ಹ್ಯಾಂಬರ್ಗ್ ಮಲಗಿತು. ಆ ರಾತ್ರಿ ನಗರದಲ್ಲಿ 300ಕ್ಕೂ ಹೆಚ್ಚು ಜನ ಸತ್ತರು.

2013ರ ಡಿಸೆಂಬರ್ 5ರಂದು ಇಂಗ್ಲೆಂಡಿನ ಪೂರ್ವ ಕರಾವಳಿಗೆ ಮತ್ತೆ ಅಂಥದೇ ನೀರು ಬಂತು, ಕೆಲವು ಕಡೆ 1953ರ ಗುರುತನ್ನೂ ದಾಟಿತು. ಆ ಸಲ ಎಚ್ಚರಿಕೆ ಮೊದಲೇ ಬಂದಿತ್ತು, ಪೊಲೀಸರು ಬಾಗಿಲು ಬಾಗಿಲಿಗೆ ಹೋಗಿ ಸಾವಿರಾರು ಜನರನ್ನು ಎಬ್ಬಿಸಿದರು. ಮನೆಗಳಿಗೆ ನೀರು ನುಗ್ಗಿತು, ಜೀವಗಳು ಉಳಿದವು.

ಔವರ್ಕೆರ್ಕ್‌ನ ಬಿರುಕು ಮುಚ್ಚಿದ ನಾಲ್ಕು ಕಾಂಕ್ರೀಟ್ ಪೆಟ್ಟಿಗೆಗಳು ಈಗಲೂ ಅಲ್ಲೇ ಇವೆ. ಅವುಗಳ ಒಳಗೇ ನೆರೆಯ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಸತ್ತವರ ಸಂಖ್ಯೆ ಬಹುಕಾಲ 1,835 ಎಂದೇ ಇತ್ತು. ಆ ರಾತ್ರಿ ನೀರು ಏರುತ್ತಿದ್ದಾಗ ಹುಟ್ಟಿ, ಹೆಸರಿಡುವ ಮೊದಲೇ, ಯಾವ ಕಡತಕ್ಕೂ ಸೇರುವ ಮೊದಲೇ ನೀರಿನಲ್ಲಿ ಹೋದ ಒಂದು ಕೂಸನ್ನು ಬಹಳ ವರ್ಷಗಳ ನಂತರ ಲೆಕ್ಕಕ್ಕೆ ಸೇರಿಸಿದರು. ಈಗ ಅದು 1,836.